ನೀಲಿ ಬಾಕ್ಸಿನ ಆಷಾಢ

ಮೊನ್ನೆ ಮುಳಬಾಗಿಲಿನಿಂದ ಕೋಲಾರಕ್ಕೆ ಬರುವಾಗ ನಮ್ಮ ಬಸ್ಸಿನ ಪಕ್ಕಕ್ಕೆ ಒಂದು ಟೆಂಪೊ ಬಂದು ನಿಂತಿತು. ಹಿಂದೆ ಆಳೆತ್ತರಕ್ಕೆ ಪೇರಿಸಿದ ಖಾಲಿ ಟೊಮೆಟೊ ಬಾಕ್ಸುಗಳು, ಆಗತಾನೆ ತೊಳೆದವು. ಬ್ಲೀಚಿಂಗ್ ಪೌಡರು, ಒದ್ದೆ ಪ್ಲಾಸ್ಟಿಕ್ಕು, ಎಷ್ಟು ಉಜ್ಜಿದರೂ ಮೂಲೆಯಲ್ಲಿ ಉಳಿದೇ ಉಳಿಯುವ ಕೊಳೆತ ಟೊಮೆಟೊ, ಈ ಮೂರೂ ಸೇರಿದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ನಾನೂ ಕರ್ಚೀಫಿನಿಂದ ಮುಖ ಮುಚ್ಚಿಕೊಂಡೆ. ಅವರದ್ದು ವಾಸನೆಗೆ, ನನ್ನದು ನಾಚಿಕೆಗೆ. ಹೋದ ವರ್ಷದ ಆಷಾಢ ಪೂರ್ತಿ ಆ ವಾಸನೆಯೊಳಗೇ ಓಡಾಡಿಕೊಂಡು ನಾನು ಒಂದು ಯಂತ್ರಕ್ಕೆ ವಿವರಣೆ ಬರೆಯುತ್ತಿದ್ದೆ.

ನನ್ನ ವಿದ್ಯೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಬರುವುದು ಒಂದೇ, ಮಿಮಿಕ್ರಿ. ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ನನ್ನ ಗಂಟಲಿಗೆ ಬಂದು ಬಾಡಿಗೆಗಿರುತ್ತದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕ್ ಹಿಡಿದು ಮಧ್ಯಾಹ್ನದ ಮೇಲೆ ರಜೆ ಕೊಟ್ಟಿದ್ದೆ. ಅರ್ಧ ಕಾಲೇಜು ಬಸ್ ಸ್ಟ್ಯಾಂಡಿನಲ್ಲಿತ್ತು. ನಾನೂ ನನ್ನ ಮಾತನ್ನೇ ನಂಬಿ ಮನೆಗೆ ಹೋಗಿದ್ದೆ. ಓದಿನಲ್ಲಿ ಇಂಥ ಪ್ರತಿಭೆ ಏನೂ ಕಾಣಲಿಲ್ಲ ಎಂಬುದಕ್ಕೆ ನನ್ನ ಮಾರ್ಕ್ಸ್ ಕಾರ್ಡೇ ಸಾಕ್ಷಿ.

ಈ ವಿದ್ಯೆಗೆ ಕೆಲಸ ಕೊಟ್ಟವರು ರೂಪಕ್ಕ. ಮಾಲೂರಿನವರು, ಕಾಲೇಜಿನಲ್ಲಿ ನನಗಿಂತ ನಾಲ್ಕು ವರ್ಷ ಮುಂದೆ. ಕೋಲಾರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಮೂರು ಮೇಜು, ಎರಡು ಫ್ಯಾನು ಹಾಕಿಕೊಂಡು ಸಾಫ್ಟ್‌ವೇರ್ ಮಾಡುತ್ತಿದ್ದರು. ಟೊಮೆಟೊ ಮಾರುಕಟ್ಟೆಯ ಐದು ಮಂಡಿಗಳು, ಅಂದರೆ ರೈತರ ಮಾಲನ್ನು ಹರಾಜಿಗಿಡುವ ಅಂಗಡಿಗಳು, ಸೇರಿ ಅವರ ಕೈಲಿ ಒಂದು ಎಐ ಸಹಾಯಕನನ್ನು ಮಾಡಿಸಿಕೊಂಡಿದ್ದವು. ರೈತರು ಫೋನ್ ಮಾಡಿದರೆ ಅದು ಕೇಳಿಸಿಕೊಂಡು ರೇಟು ಹೇಳಬೇಕು, ಹೊಲಕ್ಕೆ ಗಾಡಿ ಗೊತ್ತುಮಾಡಬೇಕು, ಖಾಲಿ ಬಾಕ್ಸ್ ಕಳಿಸಬೇಕು. ರೂಪಕ್ಕ ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದರು. ನಾನು ಕರೆದದ್ದು ಪುಣ್ಯಾತ್ಮ ಅಂತ. ಆ ಹೆಸರೇ ಉಳಿಯಿತು.

ನನ್ನ ಕೆಲಸ ನಕಲಿ ರೈತನಾಗುವುದು. ದಿನಕ್ಕೆ ಇಪ್ಪತ್ತು ಸಲ ಪುಣ್ಯಾತ್ಮನಿಗೆ ಫೋನ್ ಮಾಡಿ, ಇಪ್ಪತ್ತು ದನಿಯಲ್ಲಿ ಮಾತಾಡಿ, ಅವನಿಗೆ ಅರ್ಥವಾಗುತ್ತದೋ ಇಲ್ಲವೋ ನೋಡುವುದು. "ಈ ಪೊದ್ದು ರೇಟೆಂತ, ಸಾಮೀ?" ಎಂದು ನಮ್ಮ ಮುಳಬಾಗಿಲಿನ ತೆಲುಗಿನಲ್ಲಿ ಇವತ್ತಿನ ರೇಟು ಕೇಳುತ್ತಿದ್ದೆ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡ ಶ್ರೀನಿವಾಸಪುರದ ಮಾವಿನ ತೋಟದ ಯಜಮಾನರಾಗಿ, ಟೊಮೆಟೊ ಬೆಳೆದದ್ದೇ ಲೋಕಕ್ಕೆ ಮಾಡಿದ ಉಪಕಾರ ಎಂಬ ಗತ್ತಿನಲ್ಲಿ ಕೇಳುತ್ತಿದ್ದೆ. ಪುಣ್ಯಾತ್ಮನಿಗೆ ಎಲ್ಲರ ಮಾತೂ ಅರ್ಥವಾಯಿತು. ನನಗೆ ಕೊಂಚ ಅವಮಾನವೇ ಆಯಿತು. ಆದರೆ ಅರ್ಥವಾದ ಮೇಲೆ ಅವನು ಮಾಡುತ್ತಿದ್ದ ಕೆಲಸವೇ ಬೇರೆ. ರೇಟು ಕೇಳಿದರೆ ಗಾಡಿ ಕಳಿಸುತ್ತಿದ್ದ. ಗಾಡಿ ಇದೆಯಾ ಅಂದರೆ ಗಾಡಿ ಬುಕ್ ಮಾಡಿ, ಡ್ರೈವರನ ಹೆಸರು ಹೇಳಿ, ಶುಭವಾಗಲಿ ಅನ್ನುತ್ತಿದ್ದ.

"ಅಕ್ಕಾ, ಇವನಿಗೆ ತಲೆ ಸರಿ ಇಲ್ಲ" ಅಂದೆ.

"ಅವನ ತಲೆ ಸರಿ ಇದೆ ಕಣೋ. ನಾವು ಬರೆದಿರೋದು ಸರಿ ಇಲ್ಲ" ಅಂದರು ರೂಪಕ್ಕ. "ಗಾಡಿ ಕರೆಸೋಕೆ, ರೇಟು ನೋಡೋಕೆ ಅಂತ ಅವನ ಕೈಗೆ ಒಂದೊಂದು ಟೂಲ್ ಕೊಟ್ಟಿದ್ದೀವಿ. ಒಳಗಡೆ ನಾನು ಬರೆದಿರೋ ಕೋಡು ಅವನಿಗೆ ಕಾಣಲ್ಲ. ಟೂಲಿನ ಹೆಸರು, ಅದರ ಕೆಳಗಿರೋ ವಿವರಣೆ, ಏನೇನು ತುಂಬಿಸಬೇಕು ಅನ್ನೋದು, ಇಷ್ಟೇ ಕಾಣೋದು. ನೋಡು, 'ಗಾಡಿ ಮಾಹಿತಿ' ಅಂತ ಒಂದು, 'ಗಾಡಿ ಸೇವೆ' ಅಂತ ಇನ್ನೊಂದು. ಯಾವುದು ನೋಡೋಕೆ, ಯಾವುದು ಕಳಿಸೋಕೆ, ನೀನಾದ್ರೂ ಹೇಳು."

ನನಗೂ ಗೊತ್ತಾಗಲಿಲ್ಲ. ಹೊಸ ಸೊಸೆಯನ್ನು ಅಡುಗೆಮನೆಗೆ ಬಿಟ್ಟು, ಬಿಸ್ಕೆಟ್ ಡಬ್ಬಿಯಲ್ಲಿ ಹುಣಸೆಹಣ್ಣು, ಕಾಫಿಪುಡಿ ಡಬ್ಬಿಯಲ್ಲಿ ಸಾಸಿವೆ ಇಟ್ಟು, ಸಾರು ಕೆಟ್ಟಿತು ಅಂತ ಅವಳನ್ನೇ ಬೈದ ಹಾಗಿತ್ತು ನಮ್ಮ ಕಥೆ.

"ಇವನ್ನೆಲ್ಲಾ ಹೊಸದಾಗಿ ಬರಿ. ನೀನೇ ಬರಿ. ಜನ ಹೆಂಗೆ ಕೇಳ್ತಾರೆ ಅಂತ ನಿನಗೆ ಗೊತ್ತಲ್ಲ."

ಹಾಗೆ ಮಿಮಿಕ್ರಿಯವನು ಲೇಖಕನಾದ. ಹನ್ನೊಂದು ಟೂಲು, ಹನ್ನೊಂದು ವಿವರಣೆ. ಎರಡು ದಿನದ ಕೆಲಸ ಅಂದುಕೊಂಡೆ. ಪೂರಾ ಆಷಾಢ ಹೋಯಿತು.

ಆ ಸಲದ ಹವೆಯೂ ನನ್ನ ಕೆಲಸದ ಹಾಗೇ ಇತ್ತು. ಮಳೆ ಬರುವುದಿಲ್ಲ, ಬರದೇ ಇರುವುದೂ ಇಲ್ಲ. ಬೆಳಿಗ್ಗೆ ಎದ್ದರೆ ಮೋಡ, ಹತ್ತಕ್ಕೆ ಜಿಟಿಜಿಟಿ, ಹನ್ನೊಂದಕ್ಕೆ ಗಾಳಿ ಎದ್ದು ಮೇಜಿನ ಕಾಗದವೆಲ್ಲ ಕೆಳಗಿನ ಬೇಕರಿಯ ಶೀಟಿನ ಮೇಲೆ. ಮಾರುಕಟ್ಟೆಯಲ್ಲಿ ಟೊಮೆಟೊ ಮಳೆ ಮಾತ್ರ ಸರಿಯಾಗಿ ಸುರಿಯುತ್ತಿತ್ತು. ಗೇಟಿನ ತನಕ ಗಾಡಿ ಸಾಲು, ಕಾಲಿಟ್ಟಲ್ಲೆಲ್ಲ ಕೆಂಪು ರಾಡಿ. ಪುಣ್ಯಾತ್ಮನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

ನಾನು ಮೊದಲು ಬರೆದದ್ದು ರೇಟಿನ ಟೂಲು. "ಇಂದಿನ ಟೊಮೆಟೊ ರೇಟನ್ನು ಕೊಡುತ್ತದೆ." ನನ್ನ ಪ್ರಕಾರ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಕನ್ನಡದಲ್ಲೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದವರಿಗೆಲ್ಲ ಪುಣ್ಯಾತ್ಮ ಹಿಂದಿನ ದಿನದ ರೇಟನ್ನೇ ಇವತ್ತಿನದು ಅಂತ ಹೇಳಿದ. ಹರಾಜು ಶುರುವಾಗುವುದೇ ಆಮೇಲೆ. ಹರಾಜು ಮುಗಿಯುವ ತನಕ ಆ ಟೂಲು ಹಿಂದಿನ ದಿನದ್ದನ್ನೇ ಕೊಡುತ್ತದೆ ಅಂತ ರೂಪಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಬೇಕರಿಯವರಿಗೂ ಗೊತ್ತಿತ್ತು. ಬರೆದಿರಲಿಲ್ಲ, ಅಷ್ಟೇ.

ಅವಮಾನ ತಡೆಯದೆ ಎರಡನೇ ಸಲ ಎರಡು ಪುಟ ಬರೆದೆ. ಹರಾಜಿನ ಮುಂಚೆ, ಹರಾಜಿನ ನಂತರ, ರಜೆ ದಿನ, ನಾಟಿ ತಳಿ, ಹೈಬ್ರಿಡ್ ತಳಿ, ಕಾಯಿ, ದೋರೆ, ಹಣ್ಣು. ನನ್ನ ಪಿಯುಸಿ ಕನ್ನಡ ಮೇಷ್ಟ್ರು ನೋಡಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ಓದಿದ ಪುಣ್ಯಾತ್ಮ ರೈತರಿಗೆ ಪ್ರಶ್ನೆ ಕೇಳಲು ಶುರುಮಾಡಿದ. ಯಾವ ತಳಿ, ಯಾವ ಹದ, ಯಾವ ದಿನ, ಸರಾಸರಿಯೋ ಅತಿ ಹೆಚ್ಚಿನದೋ. ಒಬ್ಬ ಯಜಮಾನರು, "ಅಲ್ಲಪ್ಪೋ, ನಾನು ಟೊಮೆಟೊ ಮಾರೋಕ್ ಬಂದಿರೋದು, ಹೆಣ್ಣು ಕೇಳೋಕಲ್ಲ" ಅಂದು ಫೋನಿಟ್ಟರು.

ರೂಪಕ್ಕ ಆ ಎರಡು ಪುಟವನ್ನು ಓದಿ, ಕನ್ನಡಕ ತೆಗೆದು, ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಬೈಗುಳ ಗ್ಯಾರಂಟಿ.

"ಲೇ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹೇಳೋ ಹಂಗೆ ಹೇಳು. ಇದು ಏನು ಮಾಡುತ್ತೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು. ಬಳಸಿದ ಮೇಲೆ ವಾಪಸ್ ತಗೊಳೋಕೆ ಆಗುತ್ತಾ, ಇಲ್ವಾ. ಅಷ್ಟು ಸಾಕು. ನಿನ್ನ ಪಾಂಡಿತ್ಯ ಯಾರಿಗೆ ಬೇಕು?"

"ಪಾಂಡಿತ್ಯ ಅಂತ ಒಪ್ಕೊಂಡ್ರಲ್ಲ, ಸಾಕು" ಅಂದೆ, ಅವರದ್ದೇ ದನಿಯಲ್ಲಿ. ಕನ್ನಡಕ ಎಸೆಯಲಿಲ್ಲ, ಕೈಯಲ್ಲಿದ್ದ ಪೆನ್ನು ಎಸೆದರು.

ಹೀಗೆ ಬರೆದು, ಕೆಡಿಸಿ, ತಿದ್ದಿ, ಬೈಸಿಕೊಂಡು ಒಂದೊಂದನ್ನೇ ಮುಗಿಸಿದೆ. 'ಗಾಡಿ ಮಾಹಿತಿ'ಯನ್ನು 'ಗಾಡಿ ಇದೆಯೇ ನೋಡು' ಅಂತಲೂ, 'ಗಾಡಿ ಸೇವೆ'ಯನ್ನು 'ಗಾಡಿ ಕಳಿಸು' ಅಂತಲೂ ಮಾಡಿದ ದಿನ ಬೀದಿಯಲ್ಲಿ ಎದೆಯುಬ್ಬಿಸಿ ನಡೆದಿದ್ದೆ. ಎರಡು ಹೆಸರು ಬದಲಿಸುವುದಕ್ಕೆ ನಾಲ್ಕು ದಿನ ತೆಗೆದುಕೊಂಡವನ ಎದೆ ಅದು.

ನನಗೆ ಹೆಚ್ಚು ಹೆಮ್ಮೆ ಇದ್ದದ್ದು ಬಾಕ್ಸಿನ ಟೂಲಿನ ಮೇಲೆ. ಕೊಯ್ಲಿನ ದಿನ ರೈತರ ಹೊಲಕ್ಕೆ ಖಾಲಿ ಬಾಕ್ಸ್ ಕಳಿಸುವುದು ಮಂಡಿಯವರೇ. ಅದಕ್ಕೆ ನಾನು ಬರೆದ ವಿವರಣೆ ಈಗಲೂ ಬಾಯಿಪಾಠ: "ರೈತರಿಗೆ ಖಾಲಿ ಬಾಕ್ಸ್ ಕಳಿಸುತ್ತದೆ. ಯಾವ ಮಂಡಿಯಲ್ಲಿ ಬಾಕ್ಸ್ ಇದೆಯೋ ಅಲ್ಲಿಂದ, ಬೇಗ ತಲುಪುವ ಹಾಗೆ ಕಳಿಸುತ್ತದೆ. ಎಷ್ಟು ಬಾಕ್ಸ್, ಯಾವ ಊರು, ಯಾವ ದಿನ, ಮೂರೂ ಬೇಕು. ಒಂದು ಗೊತ್ತಿಲ್ಲದಿದ್ದರೂ ಕೇಳಿ ತಿಳಿದುಕೊ." ರೂಪಕ್ಕನೇ ತಲೆದೂಗಿದ್ದರು. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಟೊಮೆಟೊ ಬರುತ್ತಿದ್ದದ್ದು ಕೈಚೀಲದಲ್ಲಿ. ಬಾಕ್ಸಿನ ಮರ್ಮ ಇಬ್ಬರಿಗೂ ಗೊತ್ತಿರಲಿಲ್ಲ.

ಇಲ್ಲಿ ಇಬ್ಬರ ಪರಿಚಯ ಮಾಡಿಕೊಡಬೇಕು.

ಒಬ್ಬರು ಖಲೀಲ್ ಸಾಹೇಬರು. ಐದು ಮಂಡಿಗಳಲ್ಲಿ ಒಂದರ ಮಾಲೀಕರು. ಒಂದೊಂದು ಮಂಡಿಯ ಬಾಕ್ಸಿಗೂ ಒಂದೊಂದು ಬಣ್ಣ, ಅವರದು ಕೆಂಪು. ದನಿಯೋ, ಶುರುವಿನಲ್ಲಿ ಜಲ್ಲಿ, ಕೊನೆಯಲ್ಲಿ ಜೇನು. "ಅಕ್ಕಾ" ಅಂತ ಎಳೆದು ಕರೆದರೆ ಕರೆಸಿಕೊಂಡವರಿಗೆ ತವರು ನೆನಪಾಗಬೇಕು. ಆ ದನಿಯನ್ನು ನಾನು ಆಫೀಸಿನಲ್ಲಿ ಎಷ್ಟು ಸಲ ಮಾಡಿದ್ದೆನೋ. ಒಮ್ಮೆ ಅವರೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅರೇ ಶೈತಾನ್, ನಮ್ಮ ಮನೇಲಿ ಕೇಳಿಸ್ಬೇಡ ಬೇಟಾ, ಊಟಕ್ಕೆ ನಿನ್ನೇ ಕರೀತಾರೆ" ಅಂದಿದ್ದರು.

ಇನ್ನೊಬ್ಬರು ಮುನಿರತ್ನಮ್ಮ. ಕ್ಯಾಲನೂರಿನ ಹತ್ತಿರದ ಹಳ್ಳಿ. ಗಂಡನಿಗೆ ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಶಿಫ್ಟು. ಹೊಲ, ಹಸು, ಟೊಮೆಟೊ ಎಲ್ಲಾ ಇವರದ್ದೇ ದರ್ಬಾರು. ಮದುವೆಯಾದ ಹೊಸದರಲ್ಲಿ ಮೊದಲ ಸಲ ತಾವೇ ಮಾಲು ತಂದಾಗ ಮಾರುಕಟ್ಟೆಯಲ್ಲಿ ಕಂಡವರೆಲ್ಲ "ಗಂಡಸರನ್ನ ಕಳಿಸಮ್ಮ" ಅಂದರಂತೆ. ಖಲೀಲ್ ಸಾಹೇಬರೊಬ್ಬರೇ "ಅಕ್ಕಾ, ಮಾಲು ಇಳಿಸಿ" ಅಂದರಂತೆ. ಅಂದಿನಿಂದ ಅವರ ಹೊಲದ ಬದುವಿನ ಮೇಲೆ ಕೆಂಪು ಬಾಕ್ಸ್ ಬಿಟ್ಟು ಬೇರೆ ಬಣ್ಣ ಕಂಡವರಿಲ್ಲ.

ಆ ಗುರುವಾರ ಮುನಿರತ್ನಮ್ಮ ಪುಣ್ಯಾತ್ಮನಿಗೆ ಫೋನ್ ಮಾಡಿ, ನಾಳೆ ಕೊಯ್ಲು, ನೂರಿಪ್ಪತ್ತು ಬಾಕ್ಸು ಬೇಕು ಅಂದರು. ಸಾಹೇಬರ ಬಾಕ್ಸುಗಳೆಲ್ಲ ಹೊಲಗಳಲ್ಲಿದ್ದವು, ಒಂದೂ ಖಾಲಿ ಇರಲಿಲ್ಲ. ಪುಣ್ಯಾತ್ಮ ನಾನು ಬರೆದಿದ್ದನ್ನು ಓದಿದ, ಅಕ್ಷರ ಬಿಡದೆ ಪಾಲಿಸಿದ. ಯಾವ ಮಂಡಿಯಲ್ಲಿ ಇದೆಯೋ ಅಲ್ಲಿಂದ, ಬೇಗ ತಲುಪುವ ಹಾಗೆ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಇನ್ನೊಂದು ಮಂಡಿಯ ನೂರಿಪ್ಪತ್ತು ನೀಲಿ ಬಾಕ್ಸುಗಳನ್ನು ಡ್ರೈವರು ಅವರ ಹೊಲದಲ್ಲಿ ಇಳಿಸಿ, ಕೂಲಿಯವರ ಹತ್ತಿರ ಸಹಿ ಹಾಕಿಸಿಕೊಂಡು ಹೋಗಿಬಿಟ್ಟ. ಮುನಿರತ್ನಮ್ಮ ಹಾಲು ಹಾಕಲು ಡೇರಿಗೆ ಹೋಗಿದ್ದರು. ವಾಪಸ್ ಬರುವಷ್ಟರಲ್ಲಿ ದಾರಿಯಲ್ಲೇ ಇಬ್ಬರು ಕೇಳಿದರಂತೆ, "ಏನ್ ರತ್ನಮ್ಮಾ, ಸಾಬ್ರನ್ನ ಬಿಟ್ಬಿಟ್ಯಂತೆ?"

ಹತ್ತೂವರೆಗೆ ಆಫೀಸಿನ ಫೋನು ಹೊಡೆದುಕೊಂಡಿತು. ರೂಪಕ್ಕ ಅವತ್ತು ಮಾಲೂರಿನಲ್ಲೇ ಉಳಿದಿದ್ದರು, ತಾಯಿಗೆ ಕಣ್ಣಿನ ಆಪರೇಷನ್ನು. ನಾನೊಬ್ಬನೇ.

"ಯಾವನಪ್ಪಾ ಅವನು ನೀಲಿ ಬಾಕ್ಸ್ ಕಳಿಸ್ದೋನು?" ಮುನಿರತ್ನಮ್ಮನ ದನಿ ನಡುಗುತ್ತಿತ್ತು. ಸಿಟ್ಟಿಗೋ ಅಳುವಿಗೋ ತಿಳಿಯಲಿಲ್ಲ. "ಹಣ್ಣು ಕಿತ್ತು ಗುಡ್ಡೆ ಹಾಕಿವ್ನಿ. ಮೋಡ ಕಟ್ಕೊಂಡದೆ. ಯಾತರಾಗ್ ತುಂಬಲಿ?"

"ಅದ್ರಲ್ಲೇ ತುಂಬಿ ಅಕ್ಕ. ಬಾಕ್ಸು ಬಾಕ್ಸೇ ಅಲ್ವಾ? ಬಣ್ಣದಲ್ಲೇನಿದೆ?"

"ನಿಂದು ಯಾವೂರಪ್ಪಾ?" ಅಂದರು. ಮುಳಬಾಗಿಲು ಅಂದೆ. "ಅಲ್ಲಿ ಟೊಮೆಟೊ ಬೆಳೆಯಾಕಿಲ್ವಾ? ಯಾರ್ ಬಾಕ್ಸ್ ಎತ್ಕೊಂಡ್ರೆ ಅವ್ರ್ ಮಂಡೀಗೇ ಮಾಲು ಹಾಕೋದು. ಎತ್ಕೊಂಡು ಬ್ಯಾರೆ ಕಡೆ ಹಾಕಿದ್ರೆ ಕಳ್ಳತನ. ಈ ನೀಲಿಯವ್ರಿಗ್ ಹಾಕಿದ್ರೆ ಸಾಬ್ರಿಗೆ ದ್ರೋಹ. ಇಪ್ಪತ್ತು ವರ್ಸದಿಂದ ಒಂದ್ ಮಾತು ತಪ್ಪಿಲ್ಲ ನಾನು."

ಫೋನ್ ಹಿಡಿದುಕೊಂಡೇ ನನ್ನ ವಿವರಣೆಯನ್ನು ಇನ್ನೊಂದು ಸಲ ಓದಿದೆ. ತಪ್ಪೇ ಇರಲಿಲ್ಲ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಇದನ್ನು ನನಗೆ ಯಾರೂ ಯಾಕೆ ಹೇಳಲಿಲ್ಲ? ಐದು ಮಂಡಿಯವರನ್ನು ಕೂರಿಸಿಕೊಂಡು "ನಿಮ್ಮ ಪದ್ಧತಿ ಎಲ್ಲಾ ಹೇಳಿ" ಅಂತ ಕೇಳಿ ಬರೆದುಕೊಂಡಿದ್ದೆ. ಚಹಾ ಎಷ್ಟು ಗಂಟೆಗೆ ಅಂತಲೂ ಹೇಳಿದ್ದರು, ಇದನ್ನು ಮಾತ್ರ ಹೇಳಿರಲಿಲ್ಲ.

ಖಲೀಲ್ ಸಾಹೇಬರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಶುಕ್ರವಾರ. ನಮಾಜಿಗೆ ಹೊರಟಿದ್ದರೋ, ಸ್ನಾನಕ್ಕೆ ಹೋಗಿದ್ದರೋ, ಆಮೇಲೆ ಫೋನೇ ಆಫ್ ಆಯಿತು. ಇತ್ತ ಮುನಿರತ್ನಮ್ಮನದು ಮೂರು ಸಲ ಬಂತು. ಮೂರನೇ ಸಲ ಅವರು ಬೈಯಲಿಲ್ಲ. "ಹನಿ ಬಿತ್ತಪ್ಪಾ" ಅಂದರು ಅಷ್ಟೇ.

ಆಗ ನಾನು ಮಾಡಿದ ಕೆಲಸವನ್ನು ಪುಣ್ಯಾತ್ಮ ಕೂಡ ಮಾಡುತ್ತಿರಲಿಲ್ಲ.

ಸಾಹೇಬರು ಸಿಕ್ಕಿದ್ದರೆ ಏನು ಹೇಳುತ್ತಿದ್ದರು? ತುಂಬಿ ಅಕ್ಕ, ನಾನು ನೋಡ್ಕೋತೀನಿ ಅಂತಲೇ ಹೇಳುತ್ತಿದ್ದರು. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರು ಹೇಳುವುದು ಗೊತ್ತು, ಹೇಳುವ ದನಿ ಗಂಟಲಲ್ಲಿದೆ, ಹನಿ ಬೀಳುತ್ತಿದೆ. ಗಂಟಲು ಸರಿಮಾಡಿಕೊಂಡು ಆಫೀಸಿನ ಫೋನಿನಿಂದಲೇ ಹಚ್ಚಿದೆ.

"ಅಕ್ಕಾ, ನಾನು ಖಲೀಲ್. ಇಲ್ಲಿ ಹುಡುಗರ ಆಫೀಸಿಂದ ಮಾತಾಡ್ತಿದ್ದೀನಿ. ತುಂಬಿಬಿಡಿ ಅಕ್ಕ, ಹಣ್ಣು ನೆನೆಯುತ್ತೆ."

"ಅವ್ರ್ ಬಾಕ್ಸಾಗಾ, ಸಾಬ್ರೇ?"

"ಅವ್ರ್ ಹತ್ರ ನಾನು ಮಾತಾಡ್ಕೋತೀನಿ, ಸಮ್ಜೇ ನಾ? ಬೆಳಿಗ್ಗೆ ನಮ್ಮ ಮಂಡಿಗೇ ತನ್ನಿ. ಪರವಾಗಿಲ್ಲ."

"ನೀವಂದ್ರಲ್ಲ, ಸಾಕು ಬಿಡಿ" ಅಂದರು. ದನಿಯ ನಡುಕ ನಿಂತಿತ್ತು. ಫೋನಿಟ್ಟಾಗ ನನಗೆ ಎಂಥ ತೃಪ್ತಿ! ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆ ಅನ್ನಿಸಿತು.

ಮಧ್ಯಾಹ್ನ ಸಾಹೇಬರು ಫೋನ್ ಎತ್ತಿದರು. ಹಿಂದೆ ಲಾರಿ, ಹಮಾಲರ ಕೂಗು. "ಸಾಹೇಬ್ರೇ, ಒಂದು ವಿಷಯ" ಅನ್ನುವಷ್ಟರಲ್ಲಿ "ಲೋಡ್ ಆಗ್ತಿದೆ ಬೇಟಾ, ನಾಳೆ ಹೇಳು" ಅಂದು ಇಟ್ಟರು. ಇನ್ನೊಂದು ಸಲ ಹಚ್ಚಬಹುದಿತ್ತು. ಎದ್ದು ಮಾರುಕಟ್ಟೆಗೆ ಹೋಗಬಹುದಿತ್ತು, ಆಟೊದಲ್ಲಿ ಹತ್ತು ನಿಮಿಷ. ಮುಳಬಾಗಿಲಿನ ಬಸ್ಸು ಸಿಕ್ಕಿತು, ಕಿಟಕಿ ಸೀಟೂ ಸಿಕ್ಕಿತು, ಹತ್ತಿ ಕೂತೆ. ನನ್ನ ವಿವರಣೆಯನ್ನೂ ಯಾರಾದರೂ ಬರೆಯುವುದಾದರೆ ಈ ಸಾಲನ್ನು ಮರೆಯಬಾರದು.

ಶನಿವಾರ ಬೆಳಿಗ್ಗೆ ನಾನು ಮಾರುಕಟ್ಟೆಗೆ ತಲುಪುವ ಮುಂಚೆಯೇ ಅವರ ಟೆಂಪೊ ಬಂದುಬಿಟ್ಟಿತ್ತು. ಸಾಹೇಬರ ಮಂಡಿಯ ಮುಂದೆ, ಕೆಂಪು ಬಾಕ್ಸುಗಳ ರಾಶಿಯ ಪಕ್ಕದಲ್ಲಿ, ನೂರಿಪ್ಪತ್ತು ನೀಲಿ ಬಾಕ್ಸು. ಕುರುಡರಿಗೂ ಕಾಣುವ ಹಾಗೆ. ಸುತ್ತ ಜನ. ನೀಲಿ ಮಂಡಿಯ ರೈಟರು, ಅಂದರೆ ಅಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ಕೈಯಲ್ಲಿ ಪುಸ್ತಕ ಹಿಡಿದು ಕೂಗಾಡುತ್ತಿದ್ದರು.

"ನಮ್ ಬಾಕ್ಸ್ ಎತ್ಕೊಂಡು ಇಲ್ಲಿ ಇಳಿಸ್ತಿದ್ದೀರಲ್ಲಮ್ಮಾ, ಇದ್ಯಾವ ನ್ಯಾಯ?"

ಮುನಿರತ್ನಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ನೆಮ್ಮದಿಯಾಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಸಾಬ್ರು ಮಾತಾಡವ್ರೆ, ಅವ್ರನ್ನೇ ಕೇಳಿ" ಅಂದರು.

ಖಲೀಲ್ ಸಾಹೇಬರು ಒಳಗಿನಿಂದ ಬಂದರು. ಬಾಕ್ಸುಗಳನ್ನು ನೋಡಿದರು, ಆಮೇಲೆ ಮುನಿರತ್ನಮ್ಮನನ್ನು.

"ಏನಕ್ಕ ಇದು?" ಜೋರಾಗಿ ಹೇಳಲಿಲ್ಲ. "ಬೇರೆ ಕಡೆ ಹೋಗೋದಿದ್ರೆ ಒಂದ್ ಮಾತು ಹೇಳಿದ್ರೆ ಆಗ್ತಿತ್ತು. ಅವರ ಬಾಕ್ಸ್ ತುಂಬ್ಕೊಂಡು ನನ್ನ ಬಾಗಿಲಿಗೆ ಯಾಕೆ ತಂದ್ರಿ? ನನ್ನೂ ಕಳ್ಳನ್ನ ಮಾಡೋಕಾ?"

"ನೀವೇ ಅಂದ್ರಲ್ಲ, ಸಾಬ್ರೇ?"

"ನಾನಾ?"

"ನಿನ್ನೆ ಫೋನಾಗೆ. ತುಂಬಿಬಿಡಿ, ನಾನ್ ಮಾತಾಡ್ಕೋತೀನಿ ಅಂದ್ರಲ್ಲ."

"ನಿನ್ನೆ ನಿಮ್ ಹತ್ರ ನಾನು ಮಾತೇ ಆಡಿಲ್ಲ ಅಕ್ಕ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ಆ ನೋಟವನ್ನು ನಾನು ಬಾಕ್ಸುಗಳ ಸಂದಿಯಿಂದ ನೋಡಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಯಾರೆಂದು ಇಬ್ಬರಿಗೂ ಖಚಿತವಾಗಿತ್ತು. ರೈಟರು ಜನರ ಕಡೆ ತಿರುಗಿ, "ಕೇಳಿದ್ರಾ? ಹೆಂಗ್ ಮಾತು ಹುಟ್ಟಿಸ್ತಾರೆ ನೋಡಿ" ಅಂದರು. ಮುನಿರತ್ನಮ್ಮನ ಮುಖ ಕಪ್ಪಿಟ್ಟಿತು.

"ಅದು ನಾನು" ಅಂದೆ.

ಯಾರಿಗೂ ಕೇಳಿಸಲಿಲ್ಲ. ಎಷ್ಟೋ ಜನರ ದನಿಯಲ್ಲಿ ಕೂಗಾಡಿದ್ದೆ, ಅವತ್ತು ನನ್ನದು ಗಂಟಲಿನಿಂದ ಮೇಲೆ ಬರಲಿಲ್ಲ. ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ಇನ್ನೊಂದು ಸಲ ಹೇಳಿದೆ. "ಫೋನ್ ಮಾಡಿದ್ದು ನಾನು, ಸಾಹೇಬ್ರೇ. ನಿಮ್ಮ ದನಿಲಿ. ಅಕ್ಕಂದೇನೂ ತಪ್ಪಿಲ್ಲ."

ಖಲೀಲ್ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೇಳು" ಅಂದರು. "ಏನ್ ಹೇಳ್ದೆ, ಹೆಂಗ್ ಹೇಳ್ದೆ, ಹಂಗೇ ಹೇಳು. ಎಲ್ಲರೂ ಕೇಳಲಿ."

ಹೇಳಿದೆ. ಅಕ್ಕಾ ಎಂಬ ಎಳೆತದಿಂದ ಪರವಾಗಿಲ್ಲ ಎಂಬ ಜೇನಿನವರೆಗೆ, ಒಂದಕ್ಷರ ಬಿಡದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿಲ್ಲ. ಹಮಾಲರು ಕೊಳ್ಳೆಂದು ನಕ್ಕರು. ಒಬ್ಬ ಸಿಳ್ಳೆ ಹೊಡೆದ. ರೈಟರಿಗೂ ನಗು ತಡೆಯಲಿಲ್ಲ. ನಗದವರು ಇಬ್ಬರೇ. ಮುನಿರತ್ನಮ್ಮ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಸಾಹೇಬರ ಬಾಯಿಯ ಮೇಲಿತ್ತು. ಬಾಯಿ ಮುಚ್ಚಿತ್ತು, ದನಿ ಮಾತ್ರ ಬರುತ್ತಿತ್ತು.

ಸಾಹೇಬರು ನನಗೆ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ರೈಟರ ಕಡೆ ತಿರುಗಿ, "ಬಾಕ್ಸ್ ನಿಮ್ಮದು, ಮಾಲು ನಿಮ್ಮದು" ಅಂದರು. ಮುನಿರತ್ನಮ್ಮನಿಗೆ, "ಈ ಒಂದ್ ಸಲ ಅಲ್ಲಿಗೆ ಹಾಕಿ ಅಕ್ಕ. ಬಾಕ್ಸ್ ಎತ್ಕೊಂಡಿದ್ದೀವಿ, ಮಾತು ಮಾತೇ" ಅಂದರು. ಟೆಂಪೊ ಹೊರಟಾಗ ಅದರ ಪಕ್ಕದಲ್ಲಿ ತಾವೂ ನಡೆದರು. ಹರಾಜಿನ ಹೊತ್ತು. ಸ್ವಂತ ಮಂಡಿ ಬಿಟ್ಟು, ಆ ಕೆಂಪು ರಾಡಿಯಲ್ಲಿ, ಬಿಳಿ ಪೈಜಾಮ ಎತ್ತಿ ಹಿಡಿದುಕೊಂಡು, ಇಡೀ ಮಾರುಕಟ್ಟೆ ನೋಡುವ ಹಾಗೆ ನೀಲಿ ಮಂಡಿಯ ತನಕ ನಡೆದರು. ಈ ಹೆಂಗಸು ನನ್ನನ್ನು ಬಿಟ್ಟು ಹೋಗುತ್ತಿಲ್ಲ, ನಾನೇ ಕಳಿಸಿಕೊಡುತ್ತಿದ್ದೇನೆ ಅಂತ ಯಾರಿಗೂ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಸೋಮವಾರ ರೂಪಕ್ಕ ನನ್ನನ್ನು ಎಳೆದುಕೊಂಡು ಸಾಹೇಬರ ಮಂಡಿಗೆ ಹೋದರು. ಅವರು ಕನ್ನಡಕ ತೆಗೆಯಲಿಲ್ಲ, ಬೈಯಲೂ ಇಲ್ಲ. ಅದು ಇನ್ನೂ ಕಷ್ಟ.

"ಸಾಹೇಬ್ರೇ, ಬಾಕ್ಸ್ ತಗೊಂಡ್ರೆ ಏನೇನು ಒಪ್ಪಿದ ಹಾಗೆ, ಎಲ್ಲಾ ಹೇಳಿಬಿಡಿ. ಇವನು ಬರ್ಕೋತಾನೆ" ಅಂದರು ರೂಪಕ್ಕ.

"ಅದರಲ್ಲಿ ಹೇಳೋದೇನಿದೆಯಮ್ಮಾ? ಎಲ್ಲರಿಗೂ ಗೊತ್ತಿರೋದೇ."

"ನಮಗೆ ಗೊತ್ತಿಲ್ವಲ್ಲ."

"ನೀವು ಕೇಳಲಿಲ್ವಲ್ಲ."

"ಗೊತ್ತಿಲ್ಲದ್ದನ್ನ ಹೆಂಗೆ ಕೇಳೋದು, ಸಾಹೇಬ್ರೇ?" ಅಂದೆ, ತಡೆಯಲಾರದೆ. ಇಬ್ಬರೂ ನನ್ನ ಕಡೆ ನೋಡಿದರು. ತಲೆ ತಗ್ಗಿಸಿ ಬರೆದುಕೊಂಡೆ. ಒಂದೊಂದು ಸಾಲಿಗೂ ಅವರು "ಇದನ್ನೂ ಬರೀಬೇಕಾ?" ಅನ್ನುತ್ತಿದ್ದರು, ನಾನು "ಇದನ್ನೇ ಬರೀಬೇಕು" ಅನ್ನುತ್ತಿದ್ದೆ. ಎರಡು ಗಂಟೆ ಬೇಕಾಯಿತು, ಇಷ್ಟಕ್ಕೆ:

"ರೈತರು ತಮ್ಮ ಮಂಡಿಯ ಖಾಲಿ ಬಾಕ್ಸ್ ಕೇಳಿದಾಗ ಮಾತ್ರ ಬಳಸು. ಯಾವ ಮಂಡಿಯ ಬಾಕ್ಸ್ ಪಡೆಯುತ್ತಾರೋ ಆ ಕೊಯ್ಲಿನ ಮಾಲನ್ನು ಆ ಮಂಡಿಗೇ ಹಾಕುತ್ತೇನೆಂದು ಒಪ್ಪಿದಂತೆ. ಬಾಕ್ಸ್ ಹೊಲದಲ್ಲಿ ಇಳಿದ ಮೇಲೆ ಅದನ್ನು ಹಿಂತೆಗೆದುಕೊಳ್ಳಲು ಆಗದು. ಆದ್ದರಿಂದ ಮಂಡಿಯನ್ನು ನೀನು ಆರಿಸಬೇಡ. ಅವರ ಮಂಡಿಯಲ್ಲಿ ಬಾಕ್ಸ್ ಇಲ್ಲದಿದ್ದರೆ ಇಲ್ಲವೆಂದು ಹೇಳು, ಮಾಲೀಕರಿಗೆ ತಿಳಿಸು. ಕಳಿಸುವ ಮುಂಚೆ ಮಂಡಿಯ ಹೆಸರು ಹೇಳಿ, ಹೂಂ ಅನ್ನಿಸಿಕೊ. ಮಾಲೀಕರ ಪರವಾಗಿ ಯಾವ ಮಾತನ್ನೂ ಕೊಡಬೇಡ."

ಕೊನೆಯ ಸಾಲನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ರೂಪಕ್ಕ ಓದಿ, "ಇದು ಯಾರಿಗೆ ಬರ್ದಿದ್ದು?" ಅಂದರು. ಉತ್ತರಕ್ಕೆ ಕಾಯದೆ ಬ್ಯಾಗಿಗೆ ಹಾಕಿಕೊಂಡರು.

ಆಮೇಲೆ ಪುಣ್ಯಾತ್ಮ ಬಾಕ್ಸಿನ ವಿಷಯದಲ್ಲಿ ಒಂದು ಸಲವೂ ತಪ್ಪಲಿಲ್ಲ. ಐದೂ ಮಂಡಿಗಳು ಅವನನ್ನು ಇಟ್ಟುಕೊಂಡವು. ರೂಪಕ್ಕನಿಗೆ ಇನ್ನೊಂದು ಕೆಲಸ ಸಿಕ್ಕಿತು. ನನ್ನನ್ನೂ ತೆಗೆಯಲಿಲ್ಲ. ಖಲೀಲ್ ಸಾಹೇಬರು ಎದುರು ಸಿಕ್ಕಾಗ "ಹೇಗಿದ್ದೀಯಾ?" ಅನ್ನುತ್ತಿದ್ದರು, ಬೇಟಾ ಅನ್ನುವುದನ್ನು ಬಿಟ್ಟಿದ್ದರು. ಕಾಗದದ ಮೇಲೆ ನೋಡಿದರೆ ಎಲ್ಲಾ ಸರಿಹೋಗಿತ್ತು.

ಮುಂದಿನ ಕೊಯ್ಲಿಗೆ ಸಾಹೇಬರು ಪುಣ್ಯಾತ್ಮನನ್ನು ನೆಚ್ಚದೆ ತಾವೇ ಮುನಿರತ್ನಮ್ಮನಿಗೆ ಫೋನ್ ಮಾಡಿದರಂತೆ. "ಅಕ್ಕಾ, ಕೆಂಪು ಬಾಕ್ಸ್ ಎತ್ತಿಟ್ಟಿದ್ದೀನಿ, ಕಳಿಸ್ಲಾ?" ಮುನಿರತ್ನಮ್ಮ "ಇರಿ, ಬತ್ತೀನಿ" ಅಂದು ಇಟ್ಟರಂತೆ. ಕ್ಯಾಲನೂರಿಗೆ ನಡೆದು, ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು, ಆಟೊ ಹಿಡಿದು ಬಂದು ಸಾಹೇಬರ ಎದುರಿಗೆ ನಿಂತು, "ಈಗ ಹೇಳಿ ಸಾಬ್ರೇ" ಅಂದರಂತೆ. ಅವರು ಹೇಳಿದರು. ಇವರು ಅವರ ಬಾಯಿ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಅದೇ ಬಸ್ಸಿನಲ್ಲಿ ವಾಪಸ್. ಅದರ ಮುಂದಿನ ಕೊಯ್ಲಿಗೂ ಅಷ್ಟೇ. ಅದರ ಮುಂದಿನದಕ್ಕೂ ಅಷ್ಟೇ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮುನಿರತ್ನಮ್ಮ ಮಾರುಕಟ್ಟೆಯ ಗೇಟಿನ ಹತ್ತಿರ ಆಟೊಗೆ ಕಾಯುತ್ತಾ ನಿಂತಿದ್ದರು. ಕಾಲಿಗೆ ಇನ್ನೂ ಹೊಲದ ಮಣ್ಣು. ಕೊಯ್ಲಿನ ಹಿಂದಿನ ದಿನ ಒಬ್ಬ ರೈತಾಪಿ ಹೆಂಗಸಿಗೆ ಅರ್ಧ ದಿನ ಅಂದರೆ ಎಷ್ಟು ಅಂತ ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ಹೇಗೋ ಧೈರ್ಯ ಮಾಡಿ ಹತ್ತಿರ ಹೋದೆ.

"ಅಕ್ಕಾ, ಇಷ್ಟು ದೂರ ಯಾಕೆ ಬರ್ತೀರಾ? ಸಾಹೇಬ್ರೇ ಫೋನ್ ಮಾಡ್ತಾರಲ್ಲ. ಕೇಳಿಸ್ಕೊಂಡು ಹೂಂ ಅಂದ್ರೆ ಸಾಕಲ್ವಾ?"

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಬಂದ ಆಟೊಗೆ ಕೈ ತೋರಿಸಿ, ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತರು.

"ಸಾಕಾಗಿತ್ತು ಕಣಪ್ಪಾ" ಅಂದರು. "ಹೋದ ತಿಂಗಳವರೆಗೂ ಸಾಕಾಗಿತ್ತು."